ಏಕ್ (ಇಂಗ್ಲಿಷ್ ಪದ)

ಈ ಲೇಖನವು ನೋವನ್ನು ಸೂಚಿಸುವ ಇಂಗ್ಲಿಷ್ ಪದವನ್ನು ಕುರಿತದ್ದು. 'ಒಂದು' ಎಂಬ ಅರ್ಥವುಳ್ಳ ಸಂಸ್ಕೃತದ 'ಏಕ' ಶಬ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

'ಏಕ್' ಎಂಬುದು ನೋವು ಎಂಬ ಅರ್ಥದಲ್ಲಿ ಬಳಕೆಯಲ್ಲಿರುವ ಇಂಗ್ಲಿಷ್ ಭಾಷೆಯ ಒಂದು ನಿತ್ಯೋಪಯೋಗಿ ಪದ. ಎ, ಸಿ, ಎಚ್, ಇ ಎಂಬ ನಾಲ್ಕು ಅಕ್ಷರಗಳಿಂದ ಇದನ್ನು ಬರೆಯಲಾಗುತ್ತದೆ. ಇದು ನಾಮಪದವಾಗಿಯೂ ಕ್ರಿಯಾಪದವಾಗಿಯೂ ಪ್ರಯೋಗಗೊಳ್ಳುತ್ತದೆ. ಹೆಡೇಕ್ (ತಲೆನೋವು), ಟೂತೇಕ್ (ಹಲ್ಲುನೋವು), ಬ್ಯಾಕೇಕ್ (ಬೆನ್ನುನೋವು) ಮೊದಲಾದ ಸಂಯುಕ್ತ ಪದಗಳ ಉತ್ತರಪದ ಇದೇ. ನೋವನ್ನು ಹೇಳುವ ಇಂಗ್ಲಿಷ್ ಪದಗಳಲ್ಲಿ ಹಲವು ಫ್ರೆಂಚ್, ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳಿಂದ ಬಂದವು. 'ಏಕ್' ಮಾತ್ರ ಪ್ರಾಚೀನ ಇಂಗ್ಲಿಷಿನಿಂದಲೇ ಉಳಿದುಬಂದ ದೇಶ್ಯ ಪದ. ಇದರ ಇಂದಿನ ಉಚ್ಚಾರಣೆ ಹಳೆಯ ಕ್ರಿಯಾಪದದಿಂದ ಬಂದಿದೆ, ಇಂದಿನ ಕಾಗುಣಿತ ಹಳೆಯ ನಾಮಪದದಿಂದ ಬಂದಿದೆ. ಹೀಗೆ ಒಂದರ ಧ್ವನಿಯೂ ಮತ್ತೊಂದರ ಬರಹವೂ ಕೂಡಿಕೊಳ್ಳಲು 18ನೆಯ ಶತಮಾನದ ನಿಘಂಟೊಂದರ ತಪ್ಪು ಊಹೆಯೂ ಒಂದು ಕಾರಣ.

ಅರ್ಥಗಳು

ನಾಮಪದವಾಗಿ 'ಏಕ್' ಎಂದರೆ ಬಹಳ ಹೊತ್ತು ಒಂದೇ ಸಮನೆ ಇರುವ, ತೀಕ್ಷ್ಣವಲ್ಲದ, ದೇಹದ ಒಳಭಾಗದಿಂದ ಬಂದಂತೆ ಅನ್ನಿಸುವ ನೋವು. ಸೂಜಿ ಚುಚ್ಚಿದಾಗ, ಬೆರಳು ಕೊಯ್ದುಕೊಂಡಾಗ ಅಥವಾ ಬಿಸಿ ಪಾತ್ರೆ ತಗುಲಿದಾಗ ಆಗುವ ನೋವನ್ನು ಇಂಗ್ಲಿಷ್ ಮಾತನಾಡುವವರು ಸಾಮಾನ್ಯವಾಗಿ ಈ ಪದದಿಂದ ಹೇಳುವುದಿಲ್ಲ. ದಿನವಿಡೀ ಗದ್ದೆಯಲ್ಲಿ ಬಗ್ಗಿ ದುಡಿದವರ ಸೊಂಟದ ನೋವು, ಜ್ವರ ಬಂದಾಗಿನ ಮೈಕೈ ನೋವು, ಹುಳುಕು ಹಲ್ಲಿನ ಬಿಡದ ನೋವು ಇವು 'ಏಕ್' ಪದಕ್ಕೆ ಸರಿಯಾದ ಉದಾಹರಣೆಗಳು.

ಕ್ರಿಯಾಪದವಾಗಿ ಇದಕ್ಕೆ 'ನೋಯು' ಎಂಬ ಅರ್ಥವಿದೆ. ನೋಯುವ ಅಂಗವೇ ಇಲ್ಲಿ ಕರ್ತೃ. 'ನನ್ನ ತಲೆ ನೋಯುತ್ತಿದೆ' ಎಂಬ ಕನ್ನಡ ವಾಕ್ಯದಲ್ಲಿ 'ತಲೆ' ಹೇಗೆ ಕರ್ತೃಸ್ಥಾನದಲ್ಲಿದೆಯೋ ಇಂಗ್ಲಿಷಿನಲ್ಲಿಯೂ ಹಾಗೆಯೇ.

ಲಾಕ್ಷಣಿಕವಾಗಿ ಈ ಪದವು ಎರಡು ಅರ್ಥಗಳನ್ನು ಪಡೆದಿದೆ. ಮೊದಲನೆಯದು ಮನಸ್ಸಿನ ಸಂಕಟ. ಅಗಲಿಕೆ, ಮರಣ, ನಿರಾಶೆಗಳಿಂದ ಉಂಟಾಗುವ ದುಃಖವನ್ನು 'ಹಾರ್ಟೇಕ್' ಎನ್ನುತ್ತಾರೆ. ಎರಡನೆಯದು ತೀವ್ರವಾದ ಹಂಬಲ. 'ಫಾರ್' ಎಂಬ ಉಪಸರ್ಗದೊಡನೆ ಬಂದಾಗ ಇದು ದೂರವಿರುವ ವ್ಯಕ್ತಿಗಾಗಿಯೋ ಊರಿಗಾಗಿಯೋ ಹಾತೊರೆಯುವುದನ್ನು ಸೂಚಿಸುತ್ತದೆ. ಇಲ್ಲದಿರುವುದನ್ನು ಕುರಿತ ಬಯಕೆಯೂ ನೋವಿನ ಹಾಗೆ ಬಿಡದೆ ಕಾಡುವುದರಿಂದ ಈ ಅರ್ಥವಿಸ್ತಾರ ಸಹಜವಾಗಿದೆ.

ನಿರುಕ್ತ

ಪ್ರಾಚೀನ ಇಂಗ್ಲಿಷಿನಲ್ಲಿ ಈ ಪದಕ್ಕೆ ಎರಡು ರೂಪಗಳಿದ್ದವು. ಕ್ರಿಯಾಪದವು 'ಅಕನ್', ನಾಮಪದವು 'ಆ್ಯಚೆ'. ಎರಡೂ ಒಂದೇ ಧಾತುವಿನಿಂದ ಹುಟ್ಟಿದವು. ನಾಮಪದದ ಮೂಲರೂಪದಲ್ಲಿ ಕಕಾರದ ನಂತರ ಇಕಾರವಿದ್ದುದರಿಂದ ಅದರ ಪ್ರಭಾವಕ್ಕೆ ಸಿಕ್ಕಿ ಕಕಾರವು ಚಕಾರವಾಯಿತು. ಕ್ರಿಯಾಪದದಲ್ಲಿ ಅಂತಹ ಸ್ವರವಿಲ್ಲದ್ದರಿಂದ ಕಕಾರವೇ ಉಳಿಯಿತು. ಭಾಷಾಶಾಸ್ತ್ರದಲ್ಲಿ ಇದನ್ನು ತಾಲವ್ಯೀಕರಣ ಎನ್ನುತ್ತಾರೆ.

ಈ ಬಗೆಯ ಮಾರ್ಪಾಡು ದ್ರಾವಿಡ ಭಾಷೆಗಳಲ್ಲಿಯೂ ನಡೆದಿದೆ. ಕನ್ನಡದ 'ಕಿವಿ' ತೆಲುಗಿನಲ್ಲಿ 'ಚೆವಿ' ಆಗಿದೆ. ಕನ್ನಡದ 'ಕೆರೆ' ತೆಲುಗಿನಲ್ಲಿ 'ಚೆರುವು' ಆಗಿದೆ. ಇ, ಎ ಸ್ವರಗಳ ಮುಂದೆ ಕನ್ನಡವು ಕಕಾರವನ್ನು ಉಳಿಸಿಕೊಂಡರೆ ತೆಲುಗು ಚಕಾರವನ್ನು ಪಡೆಯಿತು. ಇಂಗ್ಲಿಷಿನಲ್ಲಿ ಒಂದೇ ಭಾಷೆಯೊಳಗೆ ಕ್ರಿಯಾಪದಕ್ಕೆ ಒಂದು ಧ್ವನಿ, ಅದರ ನಾಮಪದಕ್ಕೆ ಇನ್ನೊಂದು ಧ್ವನಿ ಎಂಬಂತಾಯಿತು. ಇಂತಹ ಜೋಡಿಗಳು ಇಂದಿಗೂ ಇವೆ: 'ಸ್ಪೀಕ್' (ಮಾತನಾಡು) ಮತ್ತು 'ಸ್ಪೀಚ್' (ಮಾತು), 'ಬೇಕ್' (ಬೇಯಿಸು) ಮತ್ತು 'ಬ್ಯಾಚ್' (ಒಮ್ಮೆಗೆ ಬೇಯಿಸಿದ ಪ್ರಮಾಣ), 'ವೇಕ್' (ಎಚ್ಚರಗೊಳ್ಳು) ಮತ್ತು 'ವಾಚ್' (ಕಾವಲು). ಶಾಲೆಗಳಲ್ಲಿ ವಿದ್ಯಾರ್ಥಿಗಳ 'ಬ್ಯಾಚ್' ಎನ್ನುವಾಗ ನಾವು ಬಳಸುವ ಪದ ರೊಟ್ಟಿ ಸುಡುವ ಕೆಲಸದಿಂದ ಬಂದದ್ದೆಂಬುದು ಈ ಜೋಡಿಯಿಂದ ತಿಳಿಯುತ್ತದೆ.

'ಅಕನ್' ಮೊದಲಿಗೆ ಒಳಸ್ವರ ಬದಲಾಗುವ ಕ್ರಿಯಾಪದವಾಗಿತ್ತು. ಅದರ ಭೂತಕಾಲದ ರೂಪ 'ಓಕ್'. ಇಂದಿನ 'ಶೇಕ್–ಶುಕ್', 'ಟೇಕ್–ಟುಕ್' ಎಂಬ ರೂಪಗಳೊಡನೆ ಇದನ್ನು ಹೋಲಿಸಬಹುದು. ಕಾಲಕ್ರಮದಲ್ಲಿ ಈ ರೂಪ ಮರೆಯಾಗಿ 'ಡಿ' ಅಕ್ಷರದಿಂದ ಕೊನೆಗೊಳ್ಳುವ ಸಾಮಾನ್ಯ ಭೂತಕಾಲವು ಬಳಕೆಗೆ ಬಂದಿತು.

ಇನ್ನೂ ಹಿಂದಕ್ಕೆ ಹೋದರೆ ಕೆಲವು ವಿದ್ವಾಂಸರು ಈ ಧಾತುವನ್ನು ಇಂಡೋ-ಯುರೋಪಿಯನ್ ಮೂಲಕ್ಕೆ ಸೇರಿಸಿ, ತಪ್ಪು ಅಥವಾ ಪಾಪ ಎಂಬ ಅರ್ಥದ ಸಂಸ್ಕೃತದ 'ಆಗಸ್' ಮತ್ತು ಗ್ರೀಕಿನ 'ಅಗೊಸ್' ಶಬ್ದಗಳೊಡನೆ ಸಂಬಂಧ ಕಲ್ಪಿಸಿದ್ದಾರೆ. ನೋವಿನಿಂದ ನರಳುವಾಗಿನ ಸದ್ದಿನ ಅನುಕರಣೆಯೇ ಈ ಪದದ ಮೂಲವಾಗಿರಬಹುದೆಂಬ ಅಭಿಪ್ರಾಯವೂ ಇದೆ. ಇವು ಊಹೆಗಳಾಗಿದ್ದು ನಿಘಂಟುಕಾರರಲ್ಲಿ ಒಮ್ಮತವಿಲ್ಲ.

ಎರಡು ಉಚ್ಚಾರಣೆಗಳ ಕಾಲ

ಮಧ್ಯಕಾಲೀನ ಇಂಗ್ಲಿಷಿನಿಂದ ಸುಮಾರು 17ನೆಯ ಶತಮಾನದವರೆಗೆ ಕ್ರಿಯಾಪದವನ್ನು 'ಏಕ್' ಎಂದೂ ನಾಮಪದವನ್ನು 'ಏಚ್' ಎಂದೂ ಉಚ್ಚರಿಸುವ ರೂಢಿಯಿತ್ತು. ಬರಹದಲ್ಲಿಯೂ ಇವು ಬೇರೆಬೇರೆಯಾಗಿದ್ದವು. ಕ್ರಿಯಾಪದವನ್ನು ಎ, ಕೆ, ಇ ಎಂಬ ಮೂರು ಅಕ್ಷರಗಳಿಂದಲೂ ನಾಮಪದವನ್ನು ಎ, ಸಿ, ಎಚ್, ಇ ಎಂಬ ನಾಲ್ಕು ಅಕ್ಷರಗಳಿಂದಲೂ ಬರೆಯುತ್ತಿದ್ದರು. ವಿಲಿಯಂ ಶೇಕ್ಸ್‌ಪಿಯರನ ನಾಟಕಗಳ ಮೊದಲ ಸಂಗ್ರಹವಾಗಿ 1623ರಲ್ಲಿ ಅಚ್ಚಾದ 'ಫಸ್ಟ್ ಫೋಲಿಯೊ'ದಲ್ಲಿ ಈ ವ್ಯತ್ಯಾಸ ಕಾಣುತ್ತದೆ.

ನಾಮಪದದ ಹಳೆಯ ಉಚ್ಚಾರಣೆಗೆ ಶೇಕ್ಸ್‌ಪಿಯರನ ನಾಟಕಗಳಲ್ಲಿ ಎರಡು ಪ್ರಸಿದ್ಧ ಸಾಕ್ಷ್ಯಗಳಿವೆ. 'ಮಚ್ ಅಡೂ ಅಬೌಟ್ ನಥಿಂಗ್' ನಾಟಕದ ಮೂರನೆಯ ಅಂಕದಲ್ಲಿ ಮೈ ಸರಿಯಿಲ್ಲವೆನ್ನುವ ಬೀಟ್ರಿಸಳು ನಿಟ್ಟುಸಿರುಬಿಟ್ಟಾಗ, ಆ ನಿಟ್ಟುಸಿರು ಗಿಡುಗಕ್ಕೋ ಕುದುರೆಗೋ ಗಂಡನಿಗೋ ಎಂದು ಮಾರ್ಗರೆಟ್ ಕೆಣಕುತ್ತಾಳೆ. ಇಂಗ್ಲಿಷಿನಲ್ಲಿ ಈ ಮೂರು ಪದಗಳೂ ಎಚ್ ಅಕ್ಷರದಿಂದ ಆರಂಭವಾಗುತ್ತವೆ. ಆ ಮೂರಕ್ಕೂ ಮೊದಲಾಗುವ ಅಕ್ಷರಕ್ಕಾಗಿ ಎಂದು ಬೀಟ್ರಿಸ್ ಉತ್ತರಿಸುತ್ತಾಳೆ. ಅಕ್ಷರದ ಹೆಸರೂ ನೋವಿನ ಹೆಸರೂ ಕಿವಿಗೆ ಒಂದೇ ಆಗಿದ್ದರಿಂದ, ತನಗೆ ಮೈನೋವು ಎಂಬ ಮಾತೂ ಅದರೊಳಗೇ ಬಂದುಹೋಗುತ್ತದೆ. ಕನ್ನಡದ ಶ್ಲೇಷಾಲಂಕಾರವನ್ನು ಬಲ್ಲವರಿಗೆ ಈ ಮಾತಿನ ಸೊಗಸು ತಿಳಿಯುತ್ತದೆ. ಇಂದಿನ ಉಚ್ಚಾರಣೆಯಲ್ಲಿ ಓದಿದರೆ ಶ್ಲೇಷೆಯೇ ಇಲ್ಲವಾಗಿ ಉತ್ತರವು ಅರ್ಥಹೀನವಾಗಿ ತೋರುತ್ತದೆ.

ಎರಡನೆಯ ಸಾಕ್ಷ್ಯ 'ದಿ ಟೆಂಪೆಸ್ಟ್' ನಾಟಕದಲ್ಲಿದೆ. ಮೊದಲನೆಯ ಅಂಕದಲ್ಲಿ ಪ್ರಾಸ್ಪೆರೊ ಮಾತು ಕೇಳದ ಕ್ಯಾಲಿಬನ್ನನಿಗೆ, ನಿನ್ನ ಎಲುಬುಗಳಲ್ಲೆಲ್ಲ ನೋವು ತುಂಬುವಂತೆ ಮಾಡುತ್ತೇನೆಂದು ಬೆದರಿಕೆ ಹಾಕುತ್ತಾನೆ. ಅಲ್ಲಿನ ಪದ್ಯದ ಸಾಲಿನಲ್ಲಿ ಈ ಪದದ ಬಹುವಚನವನ್ನು 'ಏಕ್ಸ್' ಎಂದು ಒಂದೇ ಉಚ್ಚಾರಾಂಶವಾಗಿ ಓದಿದರೆ ಛಂದಸ್ಸು ಕೆಡುತ್ತದೆ. 'ಏಚಸ್' ಎಂಬಂತೆ ಎರಡು ಉಚ್ಚಾರಾಂಶಗಳಾಗಿ ಓದಿದರೆ ಸಾಲು ಸರಿಹೋಗುತ್ತದೆ. 19ನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಪ್ರಸಿದ್ಧ ನಟ ಜಾನ್ ಫಿಲಿಪ್ ಕೆಂಬಲ್ ಪ್ರಾಸ್ಪೆರೊ ಪಾತ್ರದಲ್ಲಿ ಈ ಹಳೆಯ ಉಚ್ಚಾರಣೆಯನ್ನೇ ಪಟ್ಟುಹಿಡಿದು ಬಳಸಿದನು. ಅಷ್ಟರಲ್ಲಿ ಆ ಉಚ್ಚಾರಣೆ ಜನರಿಗೆ ಮರೆತುಹೋಗಿದ್ದುದರಿಂದ ಪ್ರೇಕ್ಷಕರು ಅವನನ್ನು ಗೇಲಿಮಾಡಿ ಗದ್ದಲವೆಬ್ಬಿಸಿದರು. ಛಂದಸ್ಸಿನ ದೃಷ್ಟಿಯಿಂದ ಸರಿ ಕೆಂಬಲ್‌ನ ಕಡೆಗಿತ್ತು. ರೂಢಿ ಪ್ರೇಕ್ಷಕರ ಕಡೆಗಿತ್ತು.

ಎಚ್ ಅಕ್ಷರದ ಇಂಗ್ಲಿಷ್ ಹೆಸರು ಹಳೆಯ ಫ್ರೆಂಚಿನಿಂದ ಬಂದದ್ದು. ಅದರ ಹಳೆಯ ಫ್ರೆಂಚ್ ಕಾಗುಣಿತವೂ ಎ, ಸಿ, ಎಚ್, ಇ ಎಂದೇ ಇತ್ತು. ಆದರೆ ಅದಕ್ಕೂ ನೋವಿನ ಪದಕ್ಕೂ ವ್ಯುತ್ಪತ್ತಿಯಲ್ಲಿ ಸಂಬಂಧವಿಲ್ಲ. ಕರ್ನಾಟಕದಲ್ಲಿ ಈ ಅಕ್ಷರವನ್ನು 'ಎಚ್' ಎಂದೂ 'ಹೆಚ್' ಎಂದೂ ಹೇಳುವ ಎರಡೂ ರೂಢಿಗಳಿವೆ. ಬೀಟ್ರಿಸಳ ಶ್ಲೇಷೆ ತಿಳಿಯಬೇಕಾದರೆ ಹಕಾರವಿಲ್ಲದ ರೂಪವನ್ನೇ ಇಟ್ಟುಕೊಳ್ಳಬೇಕು.

ಜಾನ್ಸನ್ನನ ನಿಘಂಟು ಮತ್ತು ಇಂದಿನ ಕಾಗುಣಿತ

ಸುಮಾರು 1700ರ ವೇಳೆಗೆ ನಾಮಪದವನ್ನೂ ಕ್ರಿಯಾಪದದಂತೆ 'ಏಕ್' ಎಂದೇ ಉಚ್ಚರಿಸುವುದು ಹೆಚ್ಚಾಯಿತು. ಅದೇ ಕ್ರಮದಲ್ಲಿ ಮುಂದುವರಿದಿದ್ದರೆ ಎರಡನ್ನೂ ಎ, ಕೆ, ಇ ಎಂದು ಬರೆಯುವ ರೂಢಿ ನೆಲೆಗೊಳ್ಳುತ್ತಿತ್ತು. 'ಮೇಕ್', 'ಬೇಕ್', 'ಟೇಕ್' ಪದಗಳ ಸಾಲಿಗೆ ಇದೂ ಸೇರುತ್ತಿತ್ತು.

ಹಾಗಾಗದಿರಲು ಸ್ಯಾಮುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ಇಂಗ್ಲಿಷ್ ನಿಘಂಟು ಮುಖ್ಯ ಕಾರಣವೆಂದು ಹೇಳಲಾಗುತ್ತದೆ. ದುಃಖ, ಸಂಕಟ ಎಂಬ ಅರ್ಥವುಳ್ಳ ಗ್ರೀಕಿನ 'ಅಖೊಸ್' ಎಂಬ ಪದವೇ ಇದರ ಮೂಲವೆಂದು ಜಾನ್ಸನ್ ಭಾವಿಸಿದನು. ಗ್ರೀಕಿನ ಖಕಾರವನ್ನು ಇಂಗ್ಲಿಷಿನಲ್ಲಿ ಸಿ, ಎಚ್ ಅಕ್ಷರಗಳಿಂದ ಬರೆದು ಕಕಾರವಾಗಿ ಉಚ್ಚರಿಸುವುದು ವಾಡಿಕೆ. ಕೋರಸ್, ಎಕೊ, ಕ್ಯಾರೆಕ್ಟರ್ ಪದಗಳು ಹೀಗೆ ಬಂದವು. ಆದ್ದರಿಂದ ಕ್ರಿಯಾಪದಕ್ಕೂ ನಾಮಪದಕ್ಕೂ ಎ, ಸಿ, ಎಚ್, ಇ ಎಂಬ ಕಾಗುಣಿತವೇ ಹೆಚ್ಚು ಸರಿಯೆಂದು ಅವನು ಪರಿಗಣಿಸಿದನು. ಜಾನ್ಸನ್ನನ ನಿಘಂಟಿಗೆ ಇದ್ದ ಗೌರವದಿಂದ ಆ ಕಾಗುಣಿತವೇ ನಿಂತಿತು. ಗ್ರೀಕ್ ಪದದೊಡನೆ ಇರುವ ಹೋಲಿಕೆ ಆಕಸ್ಮಿಕವೆಂದು ನಂತರದ ಭಾಷಾಶಾಸ್ತ್ರಜ್ಞರು ಕಂಡುಕೊಂಡರೂ ರೂಢಿಯಾದ ಕಾಗುಣಿತ ಬದಲಾಗಲಿಲ್ಲ.

ಹೊಟ್ಟೆನೋವು ಎಂಬ ಅರ್ಥದ 'ಸ್ಟಮಕ್ ಏಕ್' ಎಂಬ ಪದಪುಂಜದಲ್ಲಿ ಸಿ, ಎಚ್ ಜೋಡಿ ಎರಡು ಸಲ ಬರುತ್ತದೆ. ಎರಡು ಸಲವೂ ಕಕಾರವಾಗಿಯೇ ಉಚ್ಚಾರವಾಗುತ್ತದೆ. ಮೊದಲನೆಯದು ಗ್ರೀಕಿನ 'ಸ್ತೊಮಖೊಸ್' ಪದದಿಂದ ನಿಜವಾಗಿಯೂ ಬಂದದ್ದು. ಎರಡನೆಯದು ಗ್ರೀಕಿನದೆಂದು ತಪ್ಪಾಗಿ ತಿಳಿದು ಉಳಿಸಿಕೊಂಡದ್ದು. ಈ ಪದದ ಕಾಗುಣಿತವನ್ನು ಕಲಿಯುವ ಮಕ್ಕಳಿಗೆ ಆಗುವ ತೊಡಕಿಗೆ ಹಿನ್ನೆಲೆ ಇದೇ.

ಸಂಯುಕ್ತ ಪದಗಳು

'ಹೆಡೇಕ್' ಮತ್ತು 'ಟೂತೇಕ್' ಪದಗಳ ಹಳೆಯ ರೂಪಗಳು ಪ್ರಾಚೀನ ಇಂಗ್ಲಿಷಿನಲ್ಲಿಯೇ ಇದ್ದವು. 'ಹಾರ್ಟೇಕ್' ಕೂಡ ಹಳೆಯದೇ. ಆದರೆ ಆರಂಭದಲ್ಲಿ ಅದು ಎದೆಯ ದೈಹಿಕ ನೋವನ್ನೇ ಸೂಚಿಸುತ್ತಿತ್ತು. ಸುಮಾರು 1600ರ ವೇಳೆಗೆ ಮನೋವೇದನೆ ಎಂಬ ಅರ್ಥ ಅದಕ್ಕೆ ಬಂದಿತು. ಹ್ಯಾಮ್ಲೆಟ್ಟನ ಪ್ರಸಿದ್ಧ ಸ್ವಗತದಲ್ಲಿ ಈ ಪದ ಆ ಅರ್ಥದಲ್ಲಿ ಬಂದಿದೆ.

'ಹೆಡೇಕ್' ಪದಕ್ಕೆ ತೊಂದರೆ, ರಗಳೆ ಎಂಬ ಲಾಕ್ಷಣಿಕ ಅರ್ಥವೂ ಇದೆ. ಕನ್ನಡದಲ್ಲಿಯೂ ಬಗೆಹರಿಯದ ಕೆಲಸವನ್ನು 'ದೊಡ್ಡ ತಲೆನೋವು' ಎನ್ನುತ್ತೇವೆ. ಹೊಟ್ಟೆನೋವು ಎಂಬ ಅರ್ಥದ 'ಬೆಲ್ಲಿಯೇಕ್' ಎಂಬ ಪದವು ಅಮೆರಿಕದ ಆಡುಮಾತಿನಲ್ಲಿ ಗೊಣಗುವುದು, ಸದಾ ದೂರುವುದು ಎಂಬ ಅರ್ಥದ ಕ್ರಿಯಾಪದವಾಯಿತು.

ಎಲ್ಲ ಅಂಗಗಳಿಗೂ ಈ ಪದ ಸೇರುವುದಿಲ್ಲ. ತಲೆ, ಹಲ್ಲು, ಕಿವಿ, ಬೆನ್ನು, ಹೊಟ್ಟೆ, ಹೃದಯ ಇವುಗಳೊಡನೆ ಸಂಯುಕ್ತ ಪದವಾಗುತ್ತದೆ. ಮೊಣಕಾಲು, ಭುಜ, ಎದೆಗಳಿಗೆ ಸಾಮಾನ್ಯವಾಗಿ 'ಪೇನ್' ಎಂಬ ಪದವನ್ನು ಬಳಸುತ್ತಾರೆ. ಗಂಟಲಿಗೆ ಇವೆರಡಕ್ಕಿಂತ 'ಸೋರ್' ಎಂಬ ಪದವೇ ರೂಢಿಯಲ್ಲಿದೆ. ಕನ್ನಡದಲ್ಲಿ 'ನೋವು' ಎಂಬ ಒಂದೇ ಪದ ಈ ಎಲ್ಲ ಕಡೆಯೂ ಸಲ್ಲುವುದರಿಂದ ಈ ವ್ಯತ್ಯಾಸವನ್ನು ರೂಢಿಯಿಂದಲೇ ಕಲಿಯಬೇಕಾಗುತ್ತದೆ.

ಸಂಬಂಧಿತ ಇತರ ಪದಗಳು

ಪೇನ್: ಲ್ಯಾಟಿನ್ನಿನ 'ಪೊಯೆನಾ' ಪದದಿಂದ ಹಳೆಯ ಫ್ರೆಂಚಿನ ಮೂಲಕ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಿತು. ಮೂಲದಲ್ಲಿ ಇದರ ಅರ್ಥ ದಂಡ, ಶಿಕ್ಷೆ. ಲ್ಯಾಟಿನ್ನಿಗೆ ಇದು ಗ್ರೀಕಿನಿಂದ ಬಂದದ್ದು. ಅಲ್ಲಿ ಕೊಲೆಗೆ ತೆರಬೇಕಾದ ಪರಿಹಾರದ ಹಣವನ್ನು ಸೂಚಿಸುತ್ತಿತ್ತು. ಪೆನಾಲ್ಟಿ, ಪನಿಶ್‌ಮೆಂಟ್, ನ್ಯಾಯಾಲಯದ ಸಬ್‌ಪೀನಾ ಇವೆಲ್ಲ ಅದೇ ಕುಟುಂಬದ ಪದಗಳು. 1860ರ ಭಾರತೀಯ ದಂಡ ಸಂಹಿತೆಯ ಇಂಗ್ಲಿಷ್ ಹೆಸರಿನಲ್ಲಿದ್ದ 'ಪೀನಲ್' ಎಂಬುದೂ ಇದೇ ಮೂಲದ್ದು. ನೋವೆಂದರೆ ತಪ್ಪಿಗೆ ದೊರೆತ ಶಿಕ್ಷೆ ಎಂಬ ಹಳೆಯ ಭಾವನೆ ಈ ಪದದಲ್ಲಿ ಅಡಗಿದೆ. 'ಏಕ್' ಪದಕ್ಕೆ ಇಂತಹ ಕಾನೂನಿನ ಹಿನ್ನೆಲೆಯಿಲ್ಲ.

ಹರ್ಟ್: ಡಿಕ್ಕಿ ಹೊಡೆ, ಗುದ್ದು ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂದದ್ದು. ಆದ್ದರಿಂದಲೇ ಪೆಟ್ಟು ಬಿದ್ದು ಆದ ನೋವಿಗೆ ಇದು ಹೆಚ್ಚು ಹೊಂದುತ್ತದೆ.

ಸೋರ್: ಇದೂ ದೇಶ್ಯ ಪದ. ಕ್ಷಮೆ ಕೇಳುವಾಗ ಬಳಸುವ 'ಸಾರಿ' ಎಂಬ ಪದ ಇದರಿಂದಲೇ ಹುಟ್ಟಿತು. ಅದರ ಮೊದಲ ಅರ್ಥ ನೊಂದವನು ಎಂದು. ದುಃಖ ಎಂಬ ಅರ್ಥದ 'ಸಾರೋ' ಪದದೊಡನೆ ಹೋಲಿಕೆಯಿದ್ದರೂ ಅದರ ಮೂಲ ಬೇರೆ.

ಅಲ್ಗೊಸ್: ನೋವು ಎಂಬ ಅರ್ಥದ ಈ ಗ್ರೀಕ್ ಪದದಿಂದ ವೈದ್ಯಕೀಯದ 'ಆಲ್ಜಿಯಾ' ಎಂಬ ಉತ್ತರಪದ ಬಂದಿದೆ. ವೈದ್ಯರ ಚೀಟಿಯಲ್ಲಿ ಕಾಣುವ 'ಮಯಾಲ್ಜಿಯಾ' ಎಂದರೆ ಸ್ನಾಯುಗಳ ನೋವು, 'ಆರ್ಥ್ರಾಲ್ಜಿಯಾ' ಎಂದರೆ ಕೀಲುನೋವು. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯನು ಊರಿನ ಹಂಬಲದಿಂದ ಬರುವ ಕಾಯಿಲೆಗೆ 'ನೊಸ್ಟಾಲ್ಜಿಯಾ' ಎಂಬ ಹೆಸರನ್ನು ಇದೇ ಪದದಿಂದ ರಚಿಸಿದನು.

ಮೈಗ್ರೇನ್: ಅರ್ಧ ತಲೆಬುರುಡೆ ಎಂಬ ಅರ್ಥದ ಗ್ರೀಕಿನ 'ಹೆಮಿಕ್ರಾನಿಯಾ' ಪದದಿಂದ ಬಂದದ್ದು. ಕನ್ನಡದ 'ಅರೆತಲೆನೋವು' ಎಂಬ ಪದದ ರಚನೆಯೂ ಇದೇ ಅರ್ಥವನ್ನು ಕೊಡುತ್ತದೆ.

ವೈದ್ಯಕೀಯದಲ್ಲಿ

ನೋವಿನ ಸಂವೇದನೆಯನ್ನು ಮಿದುಳಿನ ಕಡೆಗೆ ಒಯ್ಯುವ ನರತಂತುಗಳಲ್ಲಿ ಮುಖ್ಯವಾಗಿ ಎರಡು ಬಗೆ. 'ಎ ಡೆಲ್ಟಾ' ಎಂಬ ತಂತುಗಳು ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್ ವೇಗದಲ್ಲಿ ಸಂಕೇತವನ್ನು ಸಾಗಿಸುತ್ತವೆ. 'ಸಿ' ಎಂಬ ತಂತುಗಳ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 2 ಮೀಟರಿಗಿಂತ ಕಡಿಮೆ. ಕಾಲ್ಬೆರಳು ಹೊಸ್ತಿಲಿಗೆ ಎಡವಿದಾಗ ಮೊದಲು ಚುರುಕಾದ ನೋವೊಂದು ಹೊಳೆದು, ಅದರ ಹಿಂದೆಯೇ ಮಂದವಾದ ನೋವು ಹರಡಿ ಬಹಳ ಹೊತ್ತು ಉಳಿಯುವುದು ಇದರಿಂದಲೇ. ಈ ಎರಡನೆಯ ನೋವೇ 'ಏಕ್' ಪದಕ್ಕೆ ಸಮೀಪವಾದದ್ದು.

ನೋವನ್ನು ಅಳೆಯುವ ಉಪಕರಣವಿಲ್ಲದ್ದರಿಂದ ರೋಗಿಯ ಮಾತೇ ವೈದ್ಯರಿಗೆ ಮುಖ್ಯ ಆಧಾರ. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದ ನೋವಿನ ಪ್ರಶ್ನಾವಳಿಯಲ್ಲಿ 78 ವಿಶೇಷಣಗಳನ್ನು 20 ಗುಂಪುಗಳಾಗಿ ವಿಂಗಡಿಸಲಾಗಿದೆ. ಅದರಲ್ಲಿ 'ಏಕಿಂಗ್' ಎಂಬ ಪದವು ಮಂದ, ಭಾರ ಎಂಬ ಅರ್ಥದ ಪದಗಳ ಗುಂಪಿನಲ್ಲಿದೆ; ಚುಚ್ಚುವ, ಇರಿಯುವ, ಉರಿಯುವ ನೋವಿನ ಪದಗಳು ಬೇರೆ ಗುಂಪುಗಳಲ್ಲಿವೆ. ನೋವಿನ ಬಗೆಯಿಂದ ಅದರ ಮೂಲವನ್ನು ಊಹಿಸಲು ಸಹಾಯವಾಗುತ್ತದೆ. ಉರಿ ಮತ್ತು ವಿದ್ಯುತ್ ಹೊಡೆದಂತಹ ನೋವು ನರಗಳ ತೊಂದರೆಯನ್ನು ಸೂಚಿಸಬಹುದು. ಮಂದವಾಗಿ ಬಿಡದೆ ಇರುವ ನೋವು ಸ್ನಾಯು, ಮೂಳೆ, ಕೀಲು ಅಥವಾ ಒಳಅಂಗಗಳದ್ದಾಗಿರಬಹುದು.

ಮಂದವಾದ ನೋವೆಂದರೆ ಅಪಾಯವಿಲ್ಲದ ನೋವು ಎಂದರ್ಥವಲ್ಲ. ಹೃದಯಾಘಾತದಲ್ಲಿ ಅನೇಕರಿಗೆ ಚುಚ್ಚುವ ನೋವಿಗೆ ಬದಲಾಗಿ ಎದೆಯ ಮೇಲೆ ಭಾರವಿಟ್ಟಂತೆ, ಹಿಂಡಿದಂತೆ ಅನ್ನಿಸುತ್ತದೆ. ಎಡತೋಳು, ದವಡೆ, ಬೆನ್ನುಗಳಲ್ಲಿ ಮಂದವಾದ ನೋವು ಕಾಣಿಸಿಕೊಳ್ಳಬಹುದು. ಒಂದು ಅಂಗದ ತೊಂದರೆ ಮತ್ತೊಂದು ಕಡೆ ನೋವಾಗಿ ತೋರುವ ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಪ್ರತ್ಯೇಕ ಹೆಸರಿದೆ. ಬೆವರು, ಉಸಿರಾಟದ ಕಷ್ಟ, ವಾಕರಿಕೆಗಳೊಡನೆ ಇಂತಹ ನೋವು ಬಂದಾಗ ತಡಮಾಡದೆ ಆಸ್ಪತ್ರೆಗೆ ಹೋಗುವುದು ಅವಶ್ಯ.

ಕನ್ನಡದಲ್ಲಿ ಸಮಾನ ಪದಗಳು

'ಏಕ್' ಪದಕ್ಕೆ ಕನ್ನಡದಲ್ಲಿ ಸಾಮಾನ್ಯ ಸಮಾನಪದ 'ನೋವು'. ಇದು 'ನೋಯು' ಎಂಬ ಧಾತುವಿನಿಂದ ಬಂದ ದ್ರಾವಿಡ ಪದ. ತಮಿಳು, ಮಲಯಾಳಂ, ತೆಲುಗುಗಳಲ್ಲಿಯೂ ಇದರ ಜ್ಞಾತಿಪದಗಳಿವೆ. 'ಅಕನ್–ಆ್ಯಚೆ' ಜೋಡಿಯಂತೆ 'ನೋಯು–ನೋವು' ಕೂಡ ಕ್ರಿಯೆ ಮತ್ತು ನಾಮಗಳ ಜೋಡಿ. ಬಿಡದ, ಒಳಗಿನ ನೋವಿಗೆ 'ಬೇನೆ' ಎಂಬ ಪದವೂ ಇದೆ. ಇದು ಸಂಸ್ಕೃತದ 'ವೇದನಾ' ಶಬ್ದದ ತದ್ಭವ. 'ವೇದನಾ' ಶಬ್ದದ ಮೂಲದಲ್ಲಿರುವುದು ತಿಳಿ, ಅರಿ ಎಂಬ ಅರ್ಥದ 'ವಿದ್' ಧಾತು. ಅನುಭವಕ್ಕೆ ಬಂದದ್ದು ವೇದನೆ.

ನೋವಿನ ಬಗೆಗಳನ್ನು ಹೇಳಲು ಕನ್ನಡದಲ್ಲಿ ಕ್ರಿಯಾಪದಗಳು ಸಮೃದ್ಧವಾಗಿವೆ. ತಲೆ ಸಿಡಿಯುತ್ತದೆ, ಕಣ್ಣು ಉರಿಯುತ್ತದೆ, ಕಾಲು ಸೆಳೆಯುತ್ತದೆ, ಹೊಟ್ಟೆ ಹಿಂಡುತ್ತದೆ, ಎದೆ ಚುಚ್ಚುತ್ತದೆ. ರೋಗಿ ಹೀಗೆ ಹೇಳಿದ್ದನ್ನು ವೈದ್ಯರಿಗೆ ಇಂಗ್ಲಿಷಿನಲ್ಲಿ ತಿಳಿಸುವವರು ಎಲ್ಲವನ್ನೂ 'ಪೇನ್' ಎಂಬ ಒಂದೇ ಪದಕ್ಕೆ ಇಳಿಸಿದರೆ ರೋಗನಿರ್ಣಯಕ್ಕೆ ಬೇಕಾದ ವಿವರ ಕಳೆದುಹೋಗುತ್ತದೆ. ಸಿಡಿಯುವುದು, ಸೆಳೆಯುವುದು, ಹಿಂಡುವುದು ಎಂಬ ರೋಗಿಯ ಮಾತನ್ನು ಹಾಗೆಯೇ ಉಳಿಸಿಕೊಂಡು ವಿವರಿಸುವುದು ಒಳ್ಳೆಯದು.

ವ್ಯಾಕರಣದ ಬಳಕೆ

ಭಾರತದ ಇಂಗ್ಲಿಷಿನಲ್ಲಿ 'ಮೈ ಹೆಡ್ ಈಸ್ ಪೇನಿಂಗ್' ಎಂಬ ಪ್ರಯೋಗ ಬಹಳವಾಗಿ ಕೇಳಿಬರುತ್ತದೆ. ಇದು 'ತಲೆ ನೋಯುತ್ತಿದೆ' ಎಂಬಂತಹ ಭಾರತೀಯ ಭಾಷೆಗಳ ವಾಕ್ಯರಚನೆಗೆ ಹೊಂದುತ್ತದೆ. ಶಿಷ್ಟ ಇಂಗ್ಲಿಷಿನಲ್ಲಿ ಇದಕ್ಕೆ 'ಮೈ ಹೆಡ್ ಏಕ್ಸ್' ಅಥವಾ 'ಐ ಹ್ಯಾವ್ ಎ ಹೆಡೇಕ್' ಎನ್ನುತ್ತಾರೆ. 'ಪೇನ್' ಅಲ್ಲಿ ಕ್ರಿಯಾಪದವಾದಾಗ ಹೆಚ್ಚಾಗಿ ಮನಸ್ಸನ್ನು ನೋಯಿಸು ಎಂಬ ಅರ್ಥದಲ್ಲಿ ಬರುತ್ತದೆ.

'ಹೆಡೇಕ್' ಪದದ ಮೊದಲು ಏಕವಚನದಲ್ಲಿ 'ಎ' ಎಂಬ ಉಪಪದ ಬರಬೇಕು. ಹಲ್ಲು, ಕಿವಿ, ಬೆನ್ನು, ಹೊಟ್ಟೆಗಳ ನೋವನ್ನು ಹೇಳುವಾಗ ಬ್ರಿಟಿಷ್ ಇಂಗ್ಲಿಷಿನಲ್ಲಿ ಉಪಪದವನ್ನು ಬಿಡಲೂಬಹುದು. ಅಮೆರಿಕನ್ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ. ಮೈಯಲ್ಲಿ ಅಲ್ಲಲ್ಲಿ ಕಾಣಿಸುವ ಸಣ್ಣಪುಟ್ಟ ನೋವುಗಳನ್ನು ಒಟ್ಟಾಗಿ 'ಏಕ್ಸ್ ಅಂಡ್ ಪೇನ್ಸ್' ಎನ್ನುವುದು ರೂಢಿ. ಇದರಲ್ಲಿ ಮೊದಲನೆಯ ಪದ ಪ್ರಾಚೀನ ಇಂಗ್ಲಿಷಿನದು, ಎರಡನೆಯದು ಫ್ರೆಂಚಿನಿಂದ ಬಂದದ್ದು.